ಕೆಟ್ಟರೂ ಬದುಕುವ ಯಂತ್ರ: ಮನೆಗೆ ಬಾಳಿಕೆಯ ಎಸ್ಪ್ರೆಸೊ ಯಂತ್ರ, ಗ್ರೈಂಡರ್ ಆರಿಸುವ ಬಗೆ

ನನ್ನ ಮೊದಲ ಎಸ್ಪ್ರೆಸೊ ಯಂತ್ರ ಸತ್ತದ್ದು ಒಂದು ಪ್ಲಾಸ್ಟಿಕ್ ಕೊಳವೆಯ ಮೂತಿ ಮುರಿದು. ಹೀಟರ್ ಕಾಯುತ್ತಿತ್ತು, ಪಂಪ್ ಗುರ್ರೆನ್ನುತ್ತಿತ್ತು, ಹೊರಗಿನ ಸ್ಟೀಲ್ ಹೊದಿಕೆ ಕನ್ನಡಿಯಂತೆ ಹೊಳೆಯುತ್ತಿತ್ತು. ಉಗುರಿನಷ್ಟು ದೊಡ್ಡದಾದ ಆ ತುಂಡು ಮಾತ್ರ ಬಿಡಿಯಾಗಿ ಸಿಗುವುದಿಲ್ಲ ಎಂದು ತಯಾರಕರು ತಿಳಿಸಿದರು. ಮೂರು ವರ್ಷವೂ ತುಂಬದ ಯಂತ್ರ ಗುಜರಿಗೆ ಹೋಯಿತು. ಅದರ ಜಾಗಕ್ಕೆ ಬಂದದ್ದು ಇನ್ನೊಬ್ಬರ ಮನೆಯಲ್ಲಿ ಒಂಬತ್ತು ವರ್ಷ ದುಡಿದಿದ್ದ ಹಳೆಯ ಯಂತ್ರ. ಅದೂ ಕೆಡುತ್ತದೆ. ಆದರೆ ಕೆಟ್ಟಾಗ ಅದರ ಮೇಲಿನ ನಾಲ್ಕು ಸ್ಕ್ರೂ ಬಿಚ್ಚಿ, ಕೆಟ್ಟ ಭಾಗವನ್ನು ತೆಗೆದು, ಅಂಥದ್ದೇ ಇನ್ನೊಂದನ್ನು ತರಿಸಿ ಹಾಕಬಹುದು.

ಈ ಬರಹದಲ್ಲಿ ಬಾಳಿಕೆ ಎಂದರೆ ಇಷ್ಟೇ. ಕೆಡದ ಎಸ್ಪ್ರೆಸೊ ಯಂತ್ರ ಇಲ್ಲ. ಸುಮಾರು 93 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು 9 ಬಾರ್ ಒತ್ತಡದಲ್ಲಿ ತಳ್ಳುವ, ದಿನವೂ ಕಾದು ತಣಿಯುವ ವಸ್ತುವಿನಲ್ಲಿ ರಬ್ಬರ್ ಗಟ್ಟಿಯಾಗುತ್ತದೆ, ವಾಲ್ವ್ ಕಟ್ಟಿಕೊಳ್ಳುತ್ತದೆ, ಒಂದು ದಿನ ಹೀಟರ್ ಸುಡುತ್ತದೆ. ಕೆಟ್ಟ ಮರುದಿನ ಏನಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿಯಬೇಕು.

ಮೊದಲು ನಿಮ್ಮ ಬೆಳಗ್ಗೆಯನ್ನು ಲೆಕ್ಕ ಹಾಕಿ

ಕಾಗದವೊಂದರಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು ಲೋಟ, ಅವುಗಳಲ್ಲಿ ಹಾಲು ಹಾಕುವವು ಎಷ್ಟು, ಎದ್ದ ಮೇಲೆ ಎಷ್ಟು ನಿಮಿಷದೊಳಗೆ ಕಾಫಿ ಕೈಗೆ ಬರಬೇಕು. ಇವುಗಳನ್ನು ಪ್ರಾಮಾಣಿಕವಾಗಿ ಬರೆದರೆ ಅಂಗಡಿಯ ಅರ್ಧ ಯಂತ್ರಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ವರ್ಷಕ್ಕೆ ಎರಡು ಸಲ ಬರುವ ಹತ್ತು ಅತಿಥಿಗಳಿಗಾಗಿ ಯಂತ್ರ ಕೊಳ್ಳಬೇಡಿ. ಅವರು ಕಾಯುತ್ತಾರೆ.

ಗ್ರೈಂಡರ್ ಮೊದಲು, ಯಂತ್ರ ಆಮೇಲೆ

ಹೊಸಬರು ಹಣವನ್ನೆಲ್ಲ ಯಂತ್ರಕ್ಕೆ ಸುರಿದು, ಉಳಿದ ಚಿಲ್ಲರೆಯಲ್ಲಿ ಗ್ರೈಂಡರ್ ಹುಡುಕುತ್ತಾರೆ. ಕ್ರಮ ತಿರುವುಮುರುವಾಗಬೇಕು. ಸಾಮಾನ್ಯ ಲೆಕ್ಕದಲ್ಲಿ 18 ಗ್ರಾಂ ಪುಡಿಯ ಮೂಲಕ 25–30 ಸೆಕೆಂಡುಗಳಲ್ಲಿ 36 ಗ್ರಾಂ ಕಾಫಿ ಇಳಿಯಬೇಕು. ಆ ಅರ್ಧ ನಿಮಿಷ ನೀರನ್ನು ತಡೆದು ನಿಲ್ಲಿಸುವುದು ಪುಡಿಯೊಂದೇ. ಪುಡಿ ಒಂದು ಕಡೆ ಹಿಟ್ಟು, ಇನ್ನೊಂದು ಕಡೆ ರವೆ ಎಂಬಂತಿದ್ದರೆ ನೀರು ಸುಲಭದ ದಾರಿ ಹುಡುಕಿ ಅಲ್ಲಿಂದ ನುಗ್ಗುತ್ತದೆ. ಲೋಟದಲ್ಲಿ ಕಹಿಯೂ ಹುಳಿಯೂ ಒಟ್ಟಿಗೆ ಬರುತ್ತವೆ. ಎಷ್ಟೇ ದುಬಾರಿ ಯಂತ್ರವಾದರೂ ಈ ತಪ್ಪನ್ನು ತಿದ್ದಲಾರದು. ಸಾಧಾರಣ ಯಂತ್ರದ ಜೊತೆ ಒಳ್ಳೆಯ ಗ್ರೈಂಡರ್ ಇದ್ದರೆ ನಿತ್ಯದ ಕಾಫಿ ಚೆನ್ನಾಗಿಯೇ ಇರುತ್ತದೆ.

ಬ್ಲೇಡ್ ತಿರುಗಿಸಿ ಬೀಜವನ್ನು ಕೊಚ್ಚುವ ಸಾಧನ ಎಸ್ಪ್ರೆಸೊಗೆ ಬರುವುದಿಲ್ಲ. ಬೇಕಾದದ್ದು ಬರ್ ಗ್ರೈಂಡರ್. ಚಪ್ಪಟೆ ಬರ್ ಇರುವುದು ಥೇಟ್ ಬೀಸುಕಲ್ಲಿನಂತೆ: ಎದುರುಬದುರು ಎರಡು ಬಿಲ್ಲೆ, ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ, ಬೀಜ ನಡುವಿನಿಂದ ಬಿದ್ದು ಅಂಚಿನಿಂದ ಪುಡಿಯಾಗಿ ಉದುರುತ್ತದೆ. ಶಂಕುವಿನಾಕಾರದ ಬರ್‌ನಲ್ಲಿ ಹೊರಗಿನ ಉಂಗುರದೊಳಗೆ ಮೊನಚಾದ ಗುಂಡು ತಿರುಗುತ್ತದೆ. ರುಚಿಯ ವಿಷಯದಲ್ಲಿ ಎರಡೂ ಪಕ್ಷದವರು ಜಗಳವಾಡುತ್ತಲೇ ಇರುತ್ತಾರೆ. ಬಾಳಿಕೆಯ ದೃಷ್ಟಿಯಿಂದ ಅದು ಮುಖ್ಯವಲ್ಲ.

ಮುಖ್ಯವಾದದ್ದು ಅಳತೆ. 64 ಮಿಲಿಮೀಟರ್ ಚಪ್ಪಟೆ ಬರ್ ಕಾಫಿ ಲೋಕದಲ್ಲಿ ಬಹಳ ರೂಢಿಯಲ್ಲಿರುವ ಗಾತ್ರ. ದಶಕಗಳಿಂದ ಕಾಫಿ ಅಂಗಡಿಗಳಲ್ಲಿ ದುಡಿಯುತ್ತಿರುವ ಮಾಝರ್ ಸೂಪರ್ ಜಾಲಿ ಗ್ರೈಂಡರ್‌ನಲ್ಲಿ ಇರುವುದೂ ಇದೇ ಗಾತ್ರ. ಹೀಗಾಗಿ ಈ ಅಳತೆಯ ಬರ್‌ಗಳನ್ನು ಹಲವು ಕಂಪನಿಗಳು ತಯಾರಿಸುತ್ತವೆ. ತಿರುಪಿನ ತೂತುಗಳು ನಿಮ್ಮ ಗ್ರೈಂಡರ್‌ಗೆ ಹೊಂದುತ್ತವೆಯೇ ಎಂದು ನೋಡಿಕೊಂಡರೆ, ಮೂಲ ತಯಾರಕರು ಬಾಗಿಲು ಮುಚ್ಚಿದರೂ ನಿಮ್ಮ ಗ್ರೈಂಡರ್ ಅನಾಥವಾಗುವುದಿಲ್ಲ. ಒಂದೇ ಕಂಪನಿಯ ಒಂದೇ ಮಾದರಿಗೆ ಮಾತ್ರ ಹೊಂದುವ ವಿಚಿತ್ರ ಗಾತ್ರದ ಬರ್ ಇದ್ದರೆ ಎಚ್ಚರವಿರಲಿ.

ಬರ್ ಸವೆಯುವ ಚಿಂತೆಯೇ? ಲೆಕ್ಕ ಹಾಕೋಣ. ದಿನಕ್ಕೆ 36 ಗ್ರಾಂ ಬೀಸಿದರೆ ವರ್ಷಕ್ಕೆ ಸುಮಾರು 13 ಕಿಲೋ. ಒಳ್ಳೆಯ ಉಕ್ಕಿನ 64 ಮಿಲಿಮೀಟರ್ ಬರ್ ನೂರಾರು ಕಿಲೋ ಬೀಜ ಬೀಸುತ್ತದೆ. ಮನೆಬಳಕೆಯಲ್ಲಿ ಅದು ಸವೆಯುವ ಹೊತ್ತಿಗೆ ನಿಮ್ಮ ಮಕ್ಕಳು ಕಾಫಿ ಕುಡಿಯುವಷ್ಟು ದೊಡ್ಡವರಾಗಿರುತ್ತಾರೆ. ಮನೆಯ ಗ್ರೈಂಡರ್‌ನಲ್ಲಿ ಸಾಮಾನ್ಯವಾಗಿ ಸೋಲುವುದು ಬರ್ ಅಲ್ಲ. ಪ್ಲಾಸ್ಟಿಕ್ ಗೇರ್, ಅಗ್ಗದ ಸ್ವಿಚ್, ಎಲೆಕ್ಟ್ರಾನಿಕ್ ಬೋರ್ಡ್, ಇಲ್ಲವೇ ಬೀಜದ ನಡುವೆ ಬಂದ ಒಂದು ಕಲ್ಲು.

ಆದ್ದರಿಂದ ಅಂಗಡಿಯಲ್ಲಿ ಪರೀಕ್ಷೆ ಹೀಗಿರಲಿ. ಪ್ಲಗ್ ತೆಗೆಸಿ, ಮೇಲಿನ ಬರ್ ಬಿಚ್ಚಿ ತೋರಿಸಲು ಕೇಳಿ. ಸಾಮಾನ್ಯ ಸ್ಕ್ರೂಡ್ರೈವರ್‌ನಿಂದ ಐದು ನಿಮಿಷದೊಳಗೆ ಅದು ಹೊರಬರಬೇಕು. ಕೆಳಗಿನ ಬರ್ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಜರುಗಿದರೆ ಬೇರಿಂಗ್ ಸಡಿಲ ಎಂದರ್ಥ, ಮುಟ್ಟಬೇಡಿ. ನಯವನ್ನು ಹೊಂದಿಸುವ ತಿರುಗಣೆಯನ್ನು ಗಮನಿಸಿ. ಎಸ್ಪ್ರೆಸೊದಲ್ಲಿ ಕೂದಲೆಳೆಯಷ್ಟು ಬದಲಾವಣೆ ಇಳಿಯುವ ಸಮಯವನ್ನು ಐದಾರು ಸೆಕೆಂಡು ಏರುಪೇರು ಮಾಡುತ್ತದೆ. ಮೆಟ್ಟಿಲಿಲ್ಲದೆ ಜಾರುವ ತಿರುಗಣೆ ಇದ್ದರೆ ಉತ್ತಮ, ಮೆಟ್ಟಿಲಿದ್ದರೆ ಅವು ಬಹಳ ಒತ್ತಾಗಿರಬೇಕು. ಬಿಡಿಭಾಗಗಳನ್ನು ಬಳಕೆದಾರರಿಗೇ ನೇರವಾಗಿ ಮಾರುವ ಬರಾಟ್ಸಾದಂಥ ತಯಾರಕರಿಗೆ ನನ್ನ ಮನಸ್ಸಿನಲ್ಲಿ ಒಂದು ಅಂಕ ಹೆಚ್ಚು.

ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುವುದು ಕೈಗ್ರೈಂಡರ್. ಮೋಟರ್ ಇಲ್ಲ, ವೈರ್ ಇಲ್ಲ. ಒಂದು ಉಕ್ಕಿನ ದಂಡ, ಎರಡು ಬೇರಿಂಗ್, ಬರ್, ಹಿಡಿ. 47 ಮಿಲಿಮೀಟರ್ ಬರ್ ಇರುವ ಕಿನು ಎಂ47 ಆಗಲಿ, ಒನ್‌ಝಡ್‌ಪ್ರೆಸ್ಸೊದ ಎಸ್ಪ್ರೆಸೊ ಮಾದರಿಗಳಾಗಲಿ ಸಾಕಷ್ಟು ನಯವಾಗಿ ಬೀಸುತ್ತವೆ. ಬೆಲೆ ನಿಮ್ಮ ತೋಳಿನಿಂದ ವಸೂಲಾಗುತ್ತದೆ: 18 ಗ್ರಾಂ ಬೀಸಲು ಒಂದು ನಿಮಿಷದ ಕಸರತ್ತು. ದಿನಕ್ಕೆ ಎರಡು ಲೋಟದವರಿಗೆ ನಾನು ನಿಸ್ಸಂಕೋಚವಾಗಿ ಹೇಳುವುದು ಇದನ್ನೇ.

ಯಂತ್ರದೊಳಗೇ ಗ್ರೈಂಡರ್ ಇರುವ ಜೋಡಿ ಮಾದರಿ ಬೇಡ. ಒಂದು ಕೆಟ್ಟರೆ ಎರಡೂ ದುರಸ್ತಿಗೆ ಹೋಗುತ್ತವೆ. ಮುಂದೆ ಒಳ್ಳೆಯ ಗ್ರೈಂಡರ್ ಬೇಕೆನಿಸಿದರೆ ಹಳೆಯದು ಯಂತ್ರದ ಹೊಟ್ಟೆಯಲ್ಲಿ ಸುಮ್ಮನೆ ಕುಳಿತಿರುತ್ತದೆ.

ಯಾವ ಜಾತಿಯ ಯಂತ್ರ?

ಅಕಿಲೆ ಗಾಜಾ 1938ರಲ್ಲಿ ಪೇಟೆಂಟ್ ಪಡೆದು, 1948ರ ಹೊತ್ತಿಗೆ ಹಿಡಿ ಎಳೆದು ಒತ್ತಡ ಹುಟ್ಟಿಸುವ ಲಿವರ್ ಯಂತ್ರವನ್ನು ಮಾರುಕಟ್ಟೆಗೆ ತಂದ ಮೇಲೆ ಎಸ್ಪ್ರೆಸೊ ಇಂದಿನ ರೂಪಕ್ಕೆ ಬಂತು. ಮೇಲಿನ ಹೊಂಬಣ್ಣದ ಕೆನೆ ಕಾಣಿಸಿಕೊಂಡದ್ದು ಆಗಲೇ. ಫಾಯೆಮಾ ಕಂಪನಿ 1961ರಲ್ಲಿ ಕೈಯ ಬದಲು ವಿದ್ಯುತ್ ಪಂಪ್ ಬಳಸುವ ಇ61 ತಂದಿತು. ಆ ವರ್ಷದ ಸೂರ್ಯಗ್ರಹಣದಿಂದ ಅದಕ್ಕೆ ಆ ಹೆಸರು. ಇತಿಹಾಸವನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವಿದೆ. ಇ61ರ ಹಿತ್ತಾಳೆಯ ಗ್ರೂಪ್, ಅಂದರೆ ಪುಡಿಯ ಬುಟ್ಟಿ ಹೊತ್ತ ಹಿಡಿಕೆಯನ್ನು (ಪೋರ್ಟಾಫಿಲ್ಟರ್) ಸಿಕ್ಕಿಸುವ ಮುಂಭಾಗ, ಇಂದಿಗೂ ಹತ್ತಾರು ಕಂಪನಿಗಳ ಯಂತ್ರಗಳಲ್ಲಿದೆ. ಗ್ಯಾಸ್ಕೆಟ್, ನೀರನ್ನು ಹರಡುವ ಜರಡಿ, ಸ್ಪ್ರಿಂಗ್, ಪುಡಿ ತುಂಬುವ 58 ಮಿಲಿಮೀಟರ್ ಬುಟ್ಟಿ ಎಲ್ಲವೂ ಸಲೀಸಾಗಿ ಸಿಗುತ್ತವೆ. ಆರು ದಶಕ ದಾಟಿದ ವಿನ್ಯಾಸಕ್ಕೆ ಇವತ್ತು ಬಿಡಿಭಾಗ ಸಿಗುತ್ತದೆಂಬುದು ಯಾವ ವಾರಂಟಿ ಪತ್ರಕ್ಕಿಂತಲೂ ದೊಡ್ಡ ಭರವಸೆ.

ಹಾಲು ಬೇಡದವರಿಗೆ, ಎರಡು ಲೋಟ ಸಾಕೆನ್ನುವವರಿಗೆ, ವಿದ್ಯುತ್ತೇ ಬೇಡದ ಕೈಯಂತ್ರಗಳಿವೆ: ಕೆಫೆಲಾಟ್ ರೋಬೋಟ್, ಫ್ಲೇರ್. ಬಿಸಿನೀರು ಸುರಿದು ಹಿಡಿ ಒತ್ತುವುದು. ಸವೆಯುವುದು ರಬ್ಬರ್ ಸೀಲುಗಳು ಮಾತ್ರ. 1961ರಿಂದ ಬಂದಿರುವ ಲಾ ಪಾವೋನಿ ಯುರೋಪಿಕೋಲಾ ಇನ್ನೊಂದು ಬಗೆಯದು. ಇದರಲ್ಲಿ ಬಾಯ್ಲರ್ ಇದೆ, ಹಬೆ ಇದೆ, ಪಂಪ್ ಇಲ್ಲ. ಕಲಿಯಲು ತಾಳ್ಮೆ ಬೇಕು. ಮೊದಲ ತಿಂಗಳು ನೀವು ಅದನ್ನು ಬೈಯುತ್ತೀರಿ.

ಪಂಪ್ ಇರುವ ಒಂಟಿ ಬಾಯ್ಲರ್ ಯಂತ್ರಗಳಲ್ಲಿ 1991ರಲ್ಲಿ ಬಂದ ಗಾಜಾ ಕ್ಲಾಸಿಕ್ ಮತ್ತು 1997ರ ರಾಂಚಿಲಿಯೊ ಸಿಲ್ವಿಯಾ ಹಳೆಯ ಹುಲಿಗಳು. ನಡುವೆ ಸಣ್ಣಪುಟ್ಟ ಬದಲಾವಣೆಗಳಾಗಿದ್ದರೂ ಮೂಲ ರಚನೆ ಉಳಿದಿದೆ. ಎರಡರಲ್ಲೂ 58 ಮಿಲಿಮೀಟರ್ ಬುಟ್ಟಿ ಇದೆ. ಒಂದೇ ಬಾಯ್ಲರ್ ಕಾಫಿಗೂ ಹಬೆಗೂ ದುಡಿಯುವುದರಿಂದ ಎರಡರ ನಡುವೆ ಕಾಯಬೇಕು. ಒಬ್ಬರು, ಇಬ್ಬರು ಇರುವ ಮನೆಗೆ ಅದು ಕಷ್ಟವೇನಲ್ಲ.

ಒಂದಾದ ಮೇಲೊಂದು ನಾಲ್ಕಾರು ಹಾಲಿನ ಕಾಫಿ ಮಾಡುವವರು ಹೀಟ್ ಎಕ್ಸ್‌ಚೇಂಜರ್ ಯಂತ್ರ ನೋಡಬೇಕು. ಅದರ ದೊಡ್ಡ ಬಾಯ್ಲರ್ ಹಬೆಗೆ ಮೀಸಲು. ಕಾಫಿಯ ನೀರು ಅದರೊಳಗೆ ಹಾದ ಕೊಳವೆಯಲ್ಲಿ ಕಾಯುತ್ತಾ ಬರುತ್ತದೆ. ಬಾಯ್ಲರ್‌ನ ಒತ್ತಡಮಾಪಕ 1 ಬಾರ್ ತೋರಿಸುವಾಗ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ. ಆದ್ದರಿಂದ ಯಂತ್ರ ಸುಮ್ಮನೆ ನಿಂತಿದ್ದರೆ ಮೊದಲ ನೀರನ್ನು ಚೆಲ್ಲಿ ತಂಪುಮಾಡಿಕೊಳ್ಳಬೇಕು. ಎರಡು ಬಾಯ್ಲರ್ ಯಂತ್ರದಲ್ಲಿ ಈ ತಾಪತ್ರಯವಿಲ್ಲ. ಆದರೆ ಹೀಟರ್, ಸೆನ್ಸರ್ ಎಲ್ಲವೂ ಎರಡೆರಡು, ಕೆಡುವ ಅವಕಾಶವೂ ಎರಡೆರಡು. ರುಚಿಯ ಹಟ ಇಲ್ಲದಿದ್ದರೆ ನನ್ನ ಮತ ಹೀಟ್ ಎಕ್ಸ್‌ಚೇಂಜರ್‌ಗೆ.

ಬಾಯ್ಲರ್ ಬದಲು ಬಿಸಿ ಲೋಹದ ಗಟ್ಟಿಯೊಳಗಿನ ದಾರಿಯಲ್ಲಿ ನೀರು ಕಾಯಿಸುವ ಥರ್ಮೊಬ್ಲಾಕ್ ಯಂತ್ರ ಒಂದೆರಡು ನಿಮಿಷದೊಳಗೆ ಸಿದ್ಧ, ಇ61 ಯಂತ್ರ ಚೆನ್ನಾಗಿ ಕಾಯಲು ಅರ್ಧ ಗಂಟೆ. ಅವಸರದವರಿಗೆ ಇದು ನಿಜವಾದ ಪ್ರಶ್ನೆಯೇ. ಆದರೆ ಥರ್ಮೊಬ್ಲಾಕ್‌ನ ಸಣ್ಣ ದಾರಿಯಲ್ಲಿ ಸುಣ್ಣ ಕಟ್ಟಿದರೆ ಬಿಚ್ಚಿ ಉಜ್ಜಲು ಸಾಧ್ಯವಾಗದ ಮಾದರಿಗಳೇ ಹೆಚ್ಚು. ಗುಂಡಿ ಒತ್ತಿದರೆ ಬೀಸಿ, ಒತ್ತಿ, ಇಳಿಸಿ ಕೊಡುವ ಪೂರ್ತಿ ಸ್ವಯಂಚಾಲಿತ ಯಂತ್ರಗಳು ಅನುಕೂಲದ ವಸ್ತುಗಳು. ಬಾಳಿಕೆಯ ಚರ್ಚೆಯಲ್ಲಿ ಅವುಗಳನ್ನು ಬಿಟ್ಟುಬಿಡುತ್ತೇನೆ.

ಹೊದಿಕೆ ತೆಗೆದು ಒಳಗೆ ನೋಡಿ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಎಸ್ಪ್ರೆಸೊ ಯಂತ್ರದ ಹೊದಿಕೆಗೆ ಹೇಳಿಮಾಡಿಸಿದ್ದು. ಒಳಗಿನ ಚಿತ್ರ ಹುಡುಕಿ ನೋಡಿ. ಬಾಯ್ಲರ್ ಹಿತ್ತಾಳೆಯದ್ದೋ ತಾಮ್ರದ್ದೋ ಸ್ಟೇನ್‌ಲೆಸ್ ಸ್ಟೀಲಿನದ್ದೋ ಆದರೆ ನೆಮ್ಮದಿ. ಅಲ್ಯೂಮಿನಿಯಂ ಬೇಗ ಕಾಯುತ್ತದೆ. ಆದರೆ ನೀರು ಸರಿಯಿಲ್ಲದಿದ್ದರೆ ಬೇಗ ತಿಂದುಹೋಗುತ್ತದೆ, ಆಮ್ಲ ಹಾಕಿ ಸುಣ್ಣ ತೆಗೆಯುವಾಗಲೂ ಸವೆಯುತ್ತದೆ. ಹಾಗೆಂದು ಅಲ್ಯೂಮಿನಿಯಂ ಬಾಯ್ಲರ್ ಎಂದರೆ ಕೂಡಲೇ ಬೇಡವೆನ್ನಬೇಕಿಲ್ಲ, ಅಂಥವು ಹದಿನೈದು ವರ್ಷ ಬಾಳಿದ್ದೂ ಉಂಟು.

ಮನೆಯ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ಕಂಪನದಿಂದ ಕೆಲಸ ಮಾಡುವ ವೈಬ್ರೇಟರಿ ಪಂಪ್. ಅವುಗಳಲ್ಲಿ ಇಟಲಿಯ ಉಲ್ಕಾ ಪಂಪ್ ಎಷ್ಟೋ ಕಂಪನಿಗಳ ಯಂತ್ರಗಳೊಳಗೆ ಕುಳಿತಿದೆ. ಸದ್ದು ಮಾಡುತ್ತದೆ, ಕೆಲವು ವರ್ಷಗಳಲ್ಲಿ ಸೋಲುತ್ತದೆ, ಅಗ್ಗವಾಗಿ ಸಿಗುತ್ತದೆ, ಅರ್ಧ ಗಂಟೆಯಲ್ಲಿ ಬದಲಾಗುತ್ತದೆ. ರೋಟರಿ ಪಂಪ್ ಸದ್ದಿಲ್ಲದ್ದು, ದೀರ್ಘಾಯುಷಿ, ದುಬಾರಿ. ಡಬ್ಬದ ಮೇಲೆ ‘15 ಬಾರ್’ ಎಂದು ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ. ಅದು ಪಂಪ್ ತಲುಪಬಲ್ಲ ಗರಿಷ್ಠ ಒತ್ತಡ. ಕಾಫಿಗೆ ಬೇಕಾದದ್ದು 9 ಬಾರ್ ಆಸುಪಾಸು. ಹೆಚ್ಚಿನ ಒತ್ತಡವನ್ನು ಹೊರಬಿಡುವ ವಾಲ್ವ್ ಇದೆಯೇ, ಅದನ್ನು ತಿರುಗಿಸಿ ಹೊಂದಿಸಬಹುದೇ ಎಂಬುದೇ ಕೇಳಬೇಕಾದ ಮಾತು.

ಮೂರು ದಾರಿಯ ಸೊಲೆನಾಯ್ಡ್ ವಾಲ್ವ್ ಅಥವಾ ಇ61ರಂತೆ ಅದೇ ಕೆಲಸ ಮಾಡುವ ಯಾಂತ್ರಿಕ ವ್ಯವಸ್ಥೆ ಇರಲಿ. ಕಾಫಿ ಇಳಿದ ಮೇಲೆ ಉಳಿದ ಒತ್ತಡವನ್ನು ಅದು ಹೊರಹಾಕುತ್ತದೆ, ಗ್ರೂಪನ್ನು ಒಳಗಿಂದ ತೊಳೆಯಲೂ ದಾರಿ ಮಾಡಿಕೊಡುತ್ತದೆ. ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಪಿಐಡಿ ಎಂಬ ಎಲೆಕ್ಟ್ರಾನಿಕ್ ನಿಯಂತ್ರಕ ಉಪಯುಕ್ತ. ಆದರೆ ಸ್ಪರ್ಶಪರದೆ, ಮೊಬೈಲ್ ಆ್ಯಪ್, ಒಂದೇ ದೊಡ್ಡ ಬೋರ್ಡಿನ ಮೇಲೆ ಎಲ್ಲ ಬುದ್ಧಿಯನ್ನೂ ಕೂರಿಸಿದ ವಿನ್ಯಾಸ ನನಗೆ ಹೆದರಿಕೆ ಹುಟ್ಟಿಸುತ್ತವೆ. ಹತ್ತು ವರ್ಷಗಳ ಮೇಲೆ ಆ ಬೋರ್ಡ್ ಎಲ್ಲಿಂದ ತರುವಿರಿ?

ಹಣ ಕೊಡುವ ಮೊದಲಿನ ಒಂದು ಸಂಜೆ

ಆರಿಸಿದ ಮಾದರಿಯ ಬಿಡಿಭಾಗಗಳ ಬಿಚ್ಚಿದ ನಕ್ಷೆಯನ್ನು, ಸಂಖ್ಯೆಗಳ ಸಮೇತ, ಹುಡುಕಿ. ಸಿಗದಿದ್ದರೆ ಅದೇ ಒಂದು ಉತ್ತರ. ಸಿಕ್ಕಿದರೆ ಐದು ಭಾಗಗಳನ್ನು ಹುಡುಕಿ: ಗ್ರೂಪ್ ಗ್ಯಾಸ್ಕೆಟ್, ಜರಡಿ, ಪಂಪ್, ಸೊಲೆನಾಯ್ಡ್ ವಾಲ್ವ್, ಹೀಟರ್. ಪ್ರತಿಯೊಂದೂ ಕನಿಷ್ಠ ಇಬ್ಬರು ಮಾರಾಟಗಾರರ ಬಳಿ ಇರಬೇಕು. ಅದೇ ಮಾದರಿಯನ್ನು ಬಿಚ್ಚುವ ವಿಡಿಯೊ ಇದ್ದರೆ ಪೂರ್ತಿ ನೋಡಿ. ಅಂಟು ಕಿತ್ತು ತೆಗೆಯುವುದು, ಒತ್ತಿ ಸಿಕ್ಕಿಸಿದ ಪ್ಲಾಸ್ಟಿಕ್ ಕೊಂಡಿ ಮುರಿಯುವುದು ಕಂಡರೆ ಪುಟ ಮುಚ್ಚಿ. ಬೇರೆ ದೇಶದಿಂದ ತರಿಸುವುದಾದರೆ ವೋಲ್ಟೇಜ್ ನೋಡಿ. 120 ವೋಲ್ಟ್‌ಗೆ ಮಾಡಿದ ಹೀಟರ್ 230 ವೋಲ್ಟ್‌ನಲ್ಲಿ ಸುಟ್ಟುಹೋಗುತ್ತದೆ.

ಬಳಸಿದ್ದನ್ನು ಕೊಳ್ಳುವಾಗ

ಬಾಳಿಕೆಯ ಯಂತ್ರ ಹುಡುಕುವವರಿಗೆ ಹಳೆಯ ಮಾಲಿನ ಮಾರುಕಟ್ಟೆಯೇ ಒಳ್ಳೆಯ ಜಾಗ. ಅಷ್ಟು ಕಾಲ ಬಾಳದವು ಅಲ್ಲಿಗೆ ಬರುವುದೇ ಇಲ್ಲ. ಮಾರುವವರಿಗೆ ಮೊದಲೇ ಹೇಳಿ: ‘ನಾನು ಬರುವವರೆಗೆ ಯಂತ್ರ ಹಚ್ಚಬೇಡಿ.’ ತಣ್ಣಗಿನಿಂದ ಆರಂಭಿಸಿದರೆ ಮಾತ್ರ ಎಲ್ಲ ರೋಗವೂ ಕಾಣುತ್ತದೆ. ಹೀಟರ್ ತೇವ ಹಿಡಿದಿದ್ದರೆ ಹಚ್ಚಿದ ಕೂಡಲೇ ಮನೆಯ ಅರ್ತ್ ಲೀಕೇಜ್ ಬ್ರೇಕರ್ ಬೀಳುತ್ತದೆ. ಕಾಯುವ ಹೊತ್ತಿನಲ್ಲಿ ಮೇಲಿನ ಹೊದಿಕೆ ತೆಗೆಸಿ ಟಾರ್ಚ್ ಬಿಡಿ, ಕೈ ಮಾತ್ರ ಒಳಗೆ ಹಾಕಬೇಡಿ. ಜೋಡಣೆಗಳ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಂಡರೆ ಅಲ್ಲಿ ಸೋರಿಕೆಯಾಗಿದೆ. ಬಳಿಕ ತೂತಿಲ್ಲದ ಬುಟ್ಟಿ ಹಾಕಿ ಪಂಪ್ ನಡೆಸಿ. ಒತ್ತಡ ಏರಬೇಕು, ಅಂಚಿನಿಂದ ನೀರು ಒಸರಬಾರದು. ಒಸರಿದರೆ ಗ್ಯಾಸ್ಕೆಟ್ ಗಟ್ಟಿಯಾಗಿದೆ ಅಷ್ಟೇ, ಅದು ಚೌಕಾಶಿಗೆ ಒಳ್ಳೆಯ ನೆಪ. ಹಬೆಯ ಕೊಳವೆ ಮುಚ್ಚಿದ ಮೇಲೂ ತೊಟ್ಟಿಕ್ಕುವುದು ಸಣ್ಣ ರೋಗ. ಬಾಯ್ಲರ್ ಬೆಸುಗೆಯಲ್ಲಿ ಸೋರುವುದು ದೊಡ್ಡ ರೋಗ, ಅಲ್ಲಿಂದ ಎದ್ದು ಬನ್ನಿ. ‘ನೀರು ಯಾವುದು ಹಾಕುತ್ತಿದ್ದಿರಿ?’ ಎಂದು ಕೇಳಿ. ‘ನಲ್ಲಿಯದ್ದೇ’ ಎಂದು ಸರಾಗವಾಗಿ ಉತ್ತರ ಬಂದರೆ ಆ ಊರಿನ ನೀರು ಎಷ್ಟು ಗಡಸು ಎಂದು ವಿಚಾರಿಸಿ.

ನೀರು

ಒಳ್ಳೆಯ ಯಂತ್ರಗಳನ್ನು ಹೆಚ್ಚಾಗಿ ಕೊಲ್ಲುವುದು ನೀರು. ಗಡಸು ನೀರು ಕಾದಾಗ ಸುಣ್ಣ ಬೇರ್ಪಟ್ಟು ಹೀಟರ್ ಮೇಲೆ, ಕೊಳವೆಗಳಲ್ಲಿ ಕಟ್ಟುತ್ತದೆ. ಹಬೆಯ ಬಾಯ್ಲರ್‌ನಲ್ಲಿ ಇದು ಇನ್ನೂ ಕೆಟ್ಟದ್ದು. ಹಬೆಯಾಗಿ ಹೊರಹೋಗುವುದು ಶುದ್ಧ ನೀರು, ಖನಿಜವೆಲ್ಲ ಒಳಗೇ ಉಳಿದು ದಿನೇದಿನೇ ಸಾಂದ್ರವಾಗುತ್ತದೆ. ಅದಕ್ಕೇ ಬಿಸಿನೀರಿನ ನಲ್ಲಿಯಿಂದ ಆಗಾಗ ಒಂದು ದೊಡ್ಡ ಲೋಟ ನೀರು ತೆಗೆದು ಚೆಲ್ಲುವುದು ಒಳ್ಳೆಯ ಅಭ್ಯಾಸ.

ಹಾಗೆಂದು ಡಿಸ್ಟಿಲ್ಡ್ ನೀರನ್ನು ಬರಿದೇ ಹಾಕಬೇಡಿ. ಬಾಯ್ಲರ್ ತುಂಬಿದೆಯೇ ಎಂದು ನೋಡುವ ಕಡ್ಡಿ ನೀರಿನ ವಿದ್ಯುದ್ವಾಹಕತೆಯನ್ನು ನಂಬಿರುತ್ತದೆ. ಪೂರ್ತಿ ಶುದ್ಧ ನೀರು ಅದಕ್ಕೆ ಕಾಣುವುದೇ ಇಲ್ಲ, ಪಂಪ್ ತುಂಬುತ್ತಲೇ ಇರುತ್ತದೆ. ಜೊತೆಗೆ ಅಂಥ ನೀರು ಲೋಹವನ್ನು ಕರಗಿಸುತ್ತದೆ, ಕಾಫಿಯೂ ಸಪ್ಪೆ. ಸುಲಭದ ಪರಿಹಾರವೊಂದಿದೆ: 10 ಲೀಟರ್ ಡಿಸ್ಟಿಲ್ಡ್ ನೀರಿಗೆ ಆಹಾರ ದರ್ಜೆಯ ಪೊಟ್ಯಾಸಿಯಂ ಬೈಕಾರ್ಬೊನೇಟ್ 1 ಗ್ರಾಂ ಕರಗಿಸುವುದು. ಕ್ಯಾಲ್ಸಿಯಂ ಇಲ್ಲದ್ದರಿಂದ ಸುಣ್ಣ ಕಟ್ಟುವುದಿಲ್ಲ, ಕ್ಷಾರ ಇರುವುದರಿಂದ ಲೋಹ ಸುರಕ್ಷಿತ, ಕಡ್ಡಿಗೂ ನೀರು ಕಾಣುತ್ತದೆ. ನಲ್ಲಿಯ ನೀರನ್ನೇ ಮೃದುಮಾಡಿ ಬಳಸುವವರು ಕ್ಲೋರೈಡ್ ಪ್ರಮಾಣವನ್ನೂ ನೋಡಬೇಕು. ಗಡಸುತನ ತೆಗೆಯುವ ಸಾಧನಗಳು ಅದನ್ನು ತೆಗೆಯುವುದಿಲ್ಲ, ಸ್ಟೇನ್‌ಲೆಸ್ ಸ್ಟೀಲಿಗೆ ತೂತು ಬೀಳಿಸುವುದು ಅದೇ.

ಸುಣ್ಣ ಕಟ್ಟಿದ ಮೇಲೆ ಆಮ್ಲ ಸುರಿದು ತೆಗೆಯುವುದು ಕೊನೆಯ ಉಪಾಯ. ಬಿಡಿಸಿಕೊಂಡ ಚಕ್ಕೆಗಳು ಒಂದು ಮಿಲಿಮೀಟರ್‌ಗಿಂತ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಂಡರೆ ಯಂತ್ರ ಮೊದಲಿಗಿಂತ ಕೆಡುತ್ತದೆ.

ಮನೆಗೆ ಬಂದ ಮೇಲೆ

ಪ್ರತಿ ಸಲ ಹಬೆ ಬಳಸಿದ ಕೂಡಲೇ ಕೊಳವೆ ಒರೆಸಿ, ಒಂದು ಕ್ಷಣ ಹಬೆ ಬಿಡಿ. ಒಂಟಿ ಬಾಯ್ಲರ್ ಆದರೆ ಹಬೆಯ ನಂತರ ಪಂಪ್ ನಡೆಸಿ ಬಾಯ್ಲರ್ ತುಂಬಿಸಿ, ಖಾಲಿ ಬಾಯ್ಲರ್‌ನಲ್ಲಿ ಹೀಟರ್ ಸುಡುತ್ತದೆ. ಮೂರು ದಾರಿಯ ವಾಲ್ವ್ ಇರುವ ಯಂತ್ರವನ್ನು ತೂತಿಲ್ಲದ ಬುಟ್ಟಿ ಹಾಕಿ ಹಿಮ್ಮುಖವಾಗಿ ತೊಳೆಯಿರಿ. ಬರಿ ನೀರಿನಲ್ಲಿ ದಿನವೂ ಆಗಬಹುದು, ಯಂತ್ರ ತೊಳೆಯುವ ಪುಡಿ ಹಾಕಿ ಒಂದೆರಡು ವಾರಕ್ಕೊಮ್ಮೆ. ಇ61ರಲ್ಲಿ ಪುಡಿಯ ತೊಳೆತ ಅತಿಯಾದರೆ ಒಳಗಿನ ಕ್ಯಾಮ್‌ನ ಗ್ರೀಸ್ ತೊಳೆದುಹೋಗಿ ಲಿವರ್ ಕಿರುಗುಟ್ಟುತ್ತದೆ. ಮೂರು ದಾರಿಯ ವಾಲ್ವಾಗಲಿ ಇ61ರಂಥ ವ್ಯವಸ್ಥೆಯಾಗಲಿ ಇಲ್ಲದ ಯಂತ್ರದಲ್ಲಿ ಹೀಗೆ ಹಿಮ್ಮುಖವಾಗಿ ತೊಳೆಯಲೇಬಾರದು. ಗ್ರೈಂಡರ್ ಬರ್‌ಗಳನ್ನು ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ಉಜ್ಜಿದರೆ ಸಾಕು. ನೀರು ತಾಗಿಸಬೇಡಿ. ಯಾವುದನ್ನು ಬಿಚ್ಚುವಾಗಲೂ ಪ್ಲಗ್ ಹೊರಗಿರಲಿ, ಬಾಯ್ಲರ್ ತಣಿದು ಒತ್ತಡ ಸೊನ್ನೆಗೆ ಇಳಿದಿರಲಿ.

ಅಡುಗೆಮನೆಯ ಒಂದು ಡ್ರಾಯರ್‌ನಲ್ಲಿ ಎರಡು ಗ್ಯಾಸ್ಕೆಟ್, ಒಂದು ಜರಡಿ, ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್, ಹಬೆಯ ವಾಲ್ವ್‌ನ ರಬ್ಬರ್ ಉಂಗುರಗಳನ್ನು ಯಂತ್ರ ಕೊಂಡ ದಿನವೇ ತಂದಿಡಿ. ಏನನ್ನು ಯಾವಾಗ ಬದಲಿಸಿದಿರಿ ಎಂದು ಚೀಟಿಯೊಂದರಲ್ಲಿ ಬರೆದು ನೀರಿನ ತೊಟ್ಟಿಯ ಹಿಂದೆ ಅಂಟಿಸಿ. ನನ್ನ ಯಂತ್ರ ಮನೆಗೆ ಬಂದಾಗ ಅಲ್ಲಿ ಹಿಂದಿನ ಒಡೆಯರ ಕೈಬರಹದಲ್ಲಿ ಆರು ಸಾಲುಗಳಿದ್ದವು: ನಾಲ್ಕು ಗ್ಯಾಸ್ಕೆಟ್, ಒಂದು ಪಂಪ್, ಒಂದು ವಾಲ್ವ್. ಈಗ ಅದರ ಕೆಳಗೆ ನನ್ನ ಐದು ಸಾಲುಗಳಿವೆ. ಚೀಟಿಯಲ್ಲಿ ಇನ್ನೂ ಜಾಗವಿದೆ.